ಎದುರಾಳಿಯ ನಕ್ಷೆ

ಮನೆ, ಮುಂದಿನ ಕೋಣೆ
ಹದಿನಾಲ್ಕನೇ ತಾರೀಕು, ಗುರುವಾರ, ಬೆಳಿಗ್ಗೆ ಆರೂಕಾಲು

ಪ್ರೀತಿಯ ತಂಗಿಗೆ,

‘ಪ್ರೀತಿಯ’ ಎಂದು ಬರೆದ ಮೇಲೆ ಪೆನ್ನು ಕೆಳಗಿಟ್ಟೆ. ಹೊಡೆದುಹಾಕೋಣ ಅನ್ನಿಸಿತು. ಮೊದಲ ಸಾಲಿನಲ್ಲೇ ಚಿತ್ತು ಕಂಡರೆ ನೀನು ಮೂಗು ಮುರಿಯುತ್ತೀಯ, ಅದಕ್ಕೆ ಹಾಗೇ ಬಿಟ್ಟಿದ್ದೇನೆ. ಹೇಗಿದ್ದೀಯ? ಸೊಂಟ ಹೇಗಿದೆ? ಮಕ್ಕಳನ್ನು ಎತ್ತುವಾಗ ಮಂಡಿ ಮಡಿಸು, ಸೊಂಟ ಬಗ್ಗಿಸಬೇಡ ಎಂದು ಏಳು ವರ್ಷ ಬಡಕೊಂಡೆ. ಒಂದು ದಿನವಾದರೂ ಕಿವಿಗೆ ಹಾಕಿಕೊಂಡೆಯಾ? ಈಗ ಮೇಜಿನ ಹಿಂದೆ ಕೂರುವ ಯಜಮಾನಿಯಾಗಿದ್ದೀಯ, ಎತ್ತುವ ಕೆಲಸವೇ ಇಲ್ಲವೋ ಏನೋ. ನಿನ್ನ ನೋವಿನ ಮುಲಾಮು ಇಲ್ಲೇ ಕಪಾಟಿನಲ್ಲಿ ಉಳಿದಿದೆ. ನಾನು ಚೆನ್ನಾಗಿದ್ದೇನೆ. ಊಟ ಸೇರುತ್ತದೆ, ನಿದ್ದೆ ಅಷ್ಟಾಗಿ ಇಲ್ಲ. ನಾಲ್ಕು ಸಲ ನಿನಗೆ ಫೋನ್ ಮಾಡಿದೆ. ಮೂರು ಸಲ ನೀನು ಎತ್ತಲಿಲ್ಲ. ನಾಲ್ಕನೇ ಸಲ ನಿನ್ನ ಆಫೀಸಿನ ನಂಬರಿಗೆ ಮಾಡಿದರೆ ಯಾರೋ ಹುಡುಗಿ ಎತ್ತಿ, ‘ಮಗುವಿಗೆ ಎಷ್ಟು ವಯಸ್ಸು ಮೇಡಂ?’ ಅಂದಳು. ಐವತ್ತೊಂದು ಎನ್ನೋಣವೆಂದು ಬಾಯಿ ತೆರೆದೆ, ಫೋನ್ ಇಟ್ಟುಬಿಟ್ಟೆ. ಅದಕ್ಕೇ ಈ ಪತ್ರ. ಎರಡು ಬೀದಿ ಆಚೆ ಇರುವ ತಂಗಿಗೆ ಅಂಚೆಯಲ್ಲಿ ಪತ್ರ ಹಾಕುವ ಅಕ್ಕ ನಾನೊಬ್ಬಳೇ ಇರಬೇಕು.

ಇಲ್ಲಿಯ ಸುದ್ದಿ ಹೇಳಬೇಕೆಂದರೆ, ಹತ್ತೊಂಬತ್ತು ಮಕ್ಕಳಲ್ಲಿ ಏಳು ಉಳಿದಿವೆ. ಅಂಗುಲ ಇದ್ದಾನೆ. ಆ ಹೆಸರು ನೀನೇ ಇಟ್ಟಿದ್ದು, ಈಗ ಒಂದೂವರೆ ಅಂಗುಲ ಆಗಿದ್ದಾನೆ. ಅವಳಿಗಳು ಇದ್ದಾರೆ. ಇಂಜಿನ್ ಇದ್ದಾನೆ, ನೀನು ಹೋದ ಮೇಲೆ ಎರಡು ದಿನ ಬುರ್ ಎನ್ನದೆ ಗೋಡೆಗೆ ಒರಗಿ ಕೂತಿದ್ದ, ಮೂರನೇ ದಿನ ತಾನಾಗಿ ಶುರುವಾಯಿತು. ಇನ್ನು ಮೂರು ಸಣ್ಣವು. ಆಟದ ಕೋಣೆ ಎಷ್ಟು ದೊಡ್ಡದು ಎಂದು ನನಗೆ ಇದೇ ಮೊದಲ ಸಲ ಗೊತ್ತಾಗುತ್ತಿದೆ. ಮನೆಯ ಮಾಲೀಕರು ಹೋದ ವಾರ ಬಂದಿದ್ದರು. ಒಳಗೆ ಬಂದು ಚಪ್ಪಲಿ ಸ್ಟ್ಯಾಂಡಿನ ಕಡೆ ಒಂದು ಸಲ ನೋಡಿದರು. ಏಳು ಜೊತೆ ಪುಟ್ಟ ಚಪ್ಪಲಿಗಳನ್ನು ಎಣಿಸಿದ್ದು ಅವರ ಮುಖದಲ್ಲೇ ಗೊತ್ತಾಯಿತು. ‘ಮುಂದಿನ ವರ್ಷಕ್ಕೂ ಬೇಕೋ ಬೇಡ್ವೋ ಈ ತಿಂಗಳ ಕೊನೇಲಿ ಹೇಳಿಬಿಡಿ’ ಎಂದರು. ಬೇಡ ಎಂದರೆ ಶಿಶುವಿಹಾರವಷ್ಟೇ ಅಲ್ಲ, ಹಿಂದಿನ ಎರಡು ಕೋಣೆಯೂ ಹೋಗುತ್ತದೆ. ಅಮ್ಮ ಹೋದ ಮೇಲೆ ನಾವಿಬ್ಬರೂ ಇದ್ದದ್ದು, ನೀನು ಬೆಳೆದದ್ದು ಆ ಕೋಣೆಗಳಲ್ಲೇ. ಆಯಾ ಏನೂ ಕೇಳುವುದಿಲ್ಲ. ಪಾತ್ರೆ ಮಾತ್ರ ಸ್ವಲ್ಪ ಜೋರಾಗಿ ಇಡುತ್ತಾಳೆ.

ಈಗ ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನಿನಗೆ ಗೊತ್ತಿದ್ದದ್ದು ಒಂದು, ನನಗೆ ಗೊತ್ತಿದ್ದದ್ದು ಇನ್ನೊಂದು. ನನ್ನ ಕಡೆಯಿಂದ ಅದು ಹೇಗೆ ಕಂಡಿತು ಎಂದು ಒಂದು ಸಲ ನೋಡು.

ಹನ್ನೆರಡು ವರ್ಷದ ಹಿಂದೆ ಎದುರುಮನೆಯ ನರ್ಸು ಬೆಳಗಿನ ಪಾಳಿಗೆ ಓಡುತ್ತಾ ಹತ್ತು ತಿಂಗಳ ಮಗುವನ್ನು ನನ್ನ ಮಡಿಲಿಗೆ ಹಾಕಿ ಹೋದಳು. ಹಾಗೆ ಶುರುವಾದದ್ದು. ಒಂದು ಮೂರಾಯಿತು, ಮೂರು ಹತ್ತಾಯಿತು. ಬಾಗಿಲ ಮೇಲೆ ‘ದೊಡ್ಡಕ್ಕನ ಮನೆ’ ಎಂದು ಬೋರ್ಡು ಬಂತು. ನೀನು ಕಾಲೇಜು ಮುಗಿಸಿ, ಎರಡು ಕಡೆ ಕೆಲಸ ಮಾಡಿ, ಎರಡೂ ಕಡೆ ಜಗಳವಾಡಿಕೊಂಡು ಬಂದು ಸೇರಿಕೊಂಡೆ. ಯಾವುದೋ ಮಗು ನಿನ್ನನ್ನು ಸಣ್ಣಕ್ಕ ಅಂದಿತು, ಅದೇ ನಿಂತಿತು. ಆಮೇಲೆ ಹೋದ ವರ್ಷ ಸರ್ಕಾರದ ಆ ಇಲಾಖೆಯ ಕಾಗದ ಬಂತು. ಮಕ್ಕಳ ಆರೈಕೆ ಕೇಂದ್ರ ನಡೆಸುವವರಿಗೆ ಉದ್ಯಮ ತರಬೇತಿ, ಆರು ಶನಿವಾರ, ಒಂದು ಕೇಂದ್ರದಿಂದ ಒಬ್ಬರು. ಕಾಗದದಲ್ಲಿ ಇದ್ದದ್ದು ನನ್ನ ಹೆಸರು. ನಾನು ಏನು ಹೇಳಿದೆ ನೆನಪಿದೆಯಾ? ‘ಈ ವಯಸ್ಸಲ್ಲಿ ಬೆಂಚಿನ ಮೇಲೆ ಕೂತು ಪರೀಕ್ಷೆ ಬರೆಯೋಕೆ ನನ್ನಿಂದಾಗಲ್ಲ, ನೀನೇ ಹೋಗು.’ ನಿನಗೆ ಹೊಸ ಫೈಲು, ಹೊಸ ಪೆನ್ನು ತಂದುಕೊಟ್ಟೆ. ಮೊದಲ ಶನಿವಾರ ಗೇಟಿನವರೆಗೆ ಬಂದು ಬೀಳ್ಕೊಟ್ಟೆ. ನಿನ್ನನ್ನು ಒಂದನೇ ಕ್ಲಾಸಿಗೆ ಕಳಿಸಿದ್ದೂ ನಾನೇ, ಆ ದಿನ ನೀನು ಅತ್ತಿದ್ದೆ. ಈ ಸಲ ನಗುತ್ತಾ ಹೋದೆ.

ಅಲ್ಲಿಂದ ಬರುವಾಗ ಒಂದು ಚೀಲ ಹೋಂವರ್ಕ್ ತರುತ್ತಿದ್ದೆ. ಮಕ್ಕಳೆಲ್ಲ ಹೋದ ಮೇಲೆ ಆ ಪುಟಾಣಿ ಕುರ್ಚಿಗಳ ಮೇಲೆ ಮಂಡಿ ಗದ್ದಕ್ಕೆ ತಾಗಿಸಿಕೊಂಡು ನಾವಿಬ್ಬರೂ ಕೂರುತ್ತಿದ್ದೆವು. ಮೊದಲ ವಾರದ ಪ್ರಶ್ನೆ: ನಿಮ್ಮ ಗ್ರಾಹಕರು ಯಾರು? ಮಕ್ಕಳು ಎಂದು ಬರೆ ಎಂದೆ. ನೀನು ನಕ್ಕೆ. ‘ಮೇಷ್ಟ್ರು ಹೇಳಿದ್ರು ಅಕ್ಕಾ, ಮಗು ಗ್ರಾಹಕ ಅಲ್ಲ, ಅಪ್ಪ ಅಮ್ಮ ಗ್ರಾಹಕ.’ ನನಗೆ ಸಿಟ್ಟು ಬಂತು. ಗ್ರಾಹಕ ಯಾರಾದರೂ ಆಗಲಿ, ಒದ್ದೆ ಚಡ್ಡಿ ಯಾರದು ಎಂದು ನಿನ್ನ ಮೇಷ್ಟ್ರನ್ನು ಕೇಳು ಎಂದೆ. ನೀನು ಅದನ್ನು ನಿಜವಾಗಲೂ ಕೇಳಿದೆಯಂತೆ, ಕ್ಲಾಸೆಲ್ಲ ನಕ್ಕಿತಂತೆ. ಆವತ್ತು ನೀನು ಬಂದು ಅದನ್ನು ಹೇಳಿದಾಗ ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತಾ? ನಾನೂ ಆ ಕ್ಲಾಸಿನಲ್ಲಿ ಎಲ್ಲೋ ಹಿಂದಿನ ಬೆಂಚಿನಲ್ಲಿ ಕೂತಿದ್ದೇನೆ ಅನ್ನಿಸಿತು.

ಆಮೇಲೆ ಆ ದೊಡ್ಡ ಹೋಂವರ್ಕ್. ಒಂದು ಕೇಂದ್ರವನ್ನು ಮೊದಲಿನಿಂದ ಕಲ್ಪಿಸಿಕೊಳ್ಳಿ. ಎಷ್ಟು ಕೋಣೆ, ಎಷ್ಟು ಮಕ್ಕಳು, ಎಷ್ಟು ಜನ ಕೆಲಸದವರು, ನಕ್ಷೆ ಸಮೇತ. ಹಳೇ ಕ್ಯಾಲೆಂಡರಿನ ನಾಲ್ಕು ಹಾಳೆ ಹರಿದು, ಹಿಂಬದಿ ಮೇಲೆ ಮಾಡಿ ಅಂಟಿಸಿದವಳು ನಾನು. ಮಕ್ಕಳ ಬಣ್ಣದ ಕಡ್ಡಿ ತೆಗೆದುಕೊಂಡು ಹಸಿರಿನಲ್ಲಿ ಆಟದ ಜಾಗ, ನೀಲಿಯಲ್ಲಿ ಮಲಗುವ ಕೋಣೆ, ಕಂದು ಬಣ್ಣದಲ್ಲಿ ಬಚ್ಚಲು. ಹನ್ನೆರಡು ವರ್ಷದಲ್ಲಿ ಈ ಬಾಡಿಗೆ ಮನೆಯಲ್ಲಿ ಏನೇನು ಆಗಲಿಲ್ಲವೋ ಅದೆಲ್ಲ ಆ ಹಾಳೆಯ ಮೇಲೆ ಆಯಿತು. ಮೆಟ್ಟಿಲೇ ಇಲ್ಲದ ಬಾಗಿಲು. ನಾಲ್ಕು ಪುಟ್ಟ ಕಮೋಡು. ಮಧ್ಯಾಹ್ನದ ಬಿಸಿಲು ಬೀಳದ ಕಡೆ ಮಲಗುವ ಕೋಣೆ. ಅಡುಗೆಮನೆಯ ಗೋಡೆಯಲ್ಲಿ ಒಂದು ಕಿಂಡಿ, ಹಾಲು ಕಾಯಿಸುವವಳಿಗೂ ಮಕ್ಕಳು ಕಾಣುವ ಹಾಗೆ. ಕೈ ತೊಳೆಯುವ ಬೇಸಿನ್ ಎಷ್ಟು ಎತ್ತರ ಇರಬೇಕು ಎಂದು ನಿನಗೆ ಗೊತ್ತಿರಲಿಲ್ಲ. ನಾನೇ ಅಂಗುಲನನ್ನು ಕರೆದು ಗೋಡೆಗೆ ನಿಲ್ಲಿಸಿ, ಅವನ ಹೊಟ್ಟೆಯ ಹತ್ತಿರ ಪೆನ್ಸಿಲಿನಲ್ಲಿ ಗೀಟೆಳೆದು ಅಳತೆ ತೆಗೆದೆ. ಅವನಿಗೆ ಕಚಗುಳಿಯಾಗಿ ನಕ್ಕ, ನೀನೂ ನಕ್ಕೆ. ಆ ಗೀಟು ಗೋಡೆಯ ಮೇಲೆ ಈಗಲೂ ಇದೆ.

ಇನ್ನೊಂದು ಸಂಜೆ ನೀನು ಪೆನ್ನು ಕಚ್ಚುತ್ತಾ ಕೂತಿದ್ದೆ. ‘ಎದುರಾಳಿ ಯಾರು ಅಂತ ಬರೀಬೇಕಂತೆ ಅಕ್ಕಾ. ನಮ್ಮ ಸುತ್ತಮುತ್ತ ಬೇರೆ ಯಾವುದೂ ಇಲ್ವಲ್ಲ.’ ಆಗ ನಾನೇ, ನನ್ನ ಈ ಬಾಯಿಂದಲೇ ಹೇಳಿದೆ: ‘ನಮ್ಮನ್ನೇ ಹಾಕ್ಕೋ. ಎದುರಾಳೀನ ಹುಡುಕ್ಕೊಂಡು ಎಲ್ಲಿಗೆ ಹೋಗ್ತೀಯ?’ ನಿನ್ನ ಮುಖ ಒಂದು ಕ್ಷಣ ಸುಮ್ಮನಾಯಿತು. ನಾನು ಗಮನಿಸಿದ್ದೆ. ನನ್ನ ಬುದ್ಧಿವಂತಿಕೆಯನ್ನು ನೀನು ಮೆಚ್ಚಿದೆ ಎಂದುಕೊಂಡೆ. ಆಮೇಲೆ ಎದುರಾಳಿಯ ದೌರ್ಬಲ್ಯಗಳನ್ನು ಹೇಳು ಎಂದು ನೀನು ಕೇಳಿದೆ, ನಾನು ಹೇಳುತ್ತಾ ಹೋದೆ, ನೀನು ಬರೆಯುತ್ತಾ ಹೋದೆ. ಆರು ಗಂಟೆಗೆ ಬಾಗಿಲು ಹಾಕುತ್ತಾರೆ, ಅಂಗಡಿಗಳಲ್ಲಿ ಕೆಲಸ ಮಾಡುವ ತಾಯಂದಿರಿಗೆ ಏಳಕ್ಕೆ ಮುಂಚೆ ಬರಲಾಗುವುದಿಲ್ಲ. ಬಚ್ಚಲು ಒಂದೇ. ಫೀಸಿಗೆ ರಸೀದಿ ಕೊಡುವುದಿಲ್ಲ. ದೊಡ್ಡಕ್ಕನಿಗೆ ಬಾಯಿ ಜೋರು, ತಡವಾಗಿ ಬಂದ ಅಪ್ಪ ಅಮ್ಮಂದಿರನ್ನು ಮಕ್ಕಳ ಹಾಗೆ ಗದರಿಸುತ್ತಾಳೆ. ಇದನ್ನು ಹೇಳುವಾಗ ನಾವಿಬ್ಬರೂ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆವು. ಕೊನೆಗೆ ನೀನು ಕೇಳಿದೆ, ಹೊಸ ಕೇಂದ್ರ ಬಂದರೆ ಮೊದಲು ಯಾರು ಬಿಟ್ಟು ಹೋಗುತ್ತಾರೆ? ನಾನು ಯೋಚನೆಯನ್ನೂ ಮಾಡದೆ ಮೂರು ಮನೆ ಹೇಳಿದೆ. ಬ್ಯಾಂಕಿನವಳು, ಔಷಧಿ ಅಂಗಡಿಯವರು, ಬಾಯಿ ತೆರೆದರೆ ಪ್ರಶ್ನೆಯೇ ಕೇಳುವ ನಮ್ಮ ಪುಟ್ಟ ಪ್ರಶ್ನೆಪತ್ರಿಕೆಯ ಅಪ್ಪ. ನೀನು ಮೂರನ್ನೂ ಬರೆದುಕೊಂಡು ಕೆಳಗೆ ಗೀಟು ಹಾಕಿದೆ.

ನಿನಗೆ ಎಲ್ಲರಿಗಿಂತ ಹೆಚ್ಚು ಅಂಕ ಬಂತು. ಮೇಷ್ಟ್ರು ‘ಇದು ಹಾಳೆ ಮೇಲೆ ಉಳಿಯಬಾರದು’ ಎಂದರಂತೆ. ನೀನು ಅದನ್ನು ತಮಾಷೆ ಎನ್ನುವಂತೆ ಹೇಳಿದೆ. ನಾನು ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಮುಂದಿನ ಕೋಣೆಯಲ್ಲಿ ನೇತುಹಾಕಿದೆ. ಬಂದವರಿಗೆಲ್ಲ ತೋರಿಸಿದೆ, ಹಾಲಿನವನಿಗೂ ತೋರಿಸಿದೆ. ಆಮೇಲೆ ಐದು ತಿಂಗಳು ನೀನು ಶನಿವಾರ ಶನಿವಾರ ಹೊರಗೆ ಹೋಗುತ್ತಿದ್ದೆ, ಕೋರ್ಸಿನ ಗೆಳತಿಯರ ಜೊತೆ ಎಂದೆ, ನಾನು ನಂಬಿದೆ. ಎರಡು ತಿಂಗಳ ಹಿಂದೆ ಒಂದು ಭಾನುವಾರ, ಆಫೀಸೊಂದರಲ್ಲಿ ಕೆಲಸ ಸಿಕ್ಕಿದೆ, ದೂರ, ಅಲ್ಲೇ ಕೋಣೆ ಮಾಡಿಕೊಳ್ಳುತ್ತೇನೆ ಎಂದೆ. ಅದನ್ನೂ ನಂಬಿದೆ. ಮಕ್ಕಳ ಜೊತೆಯೇ ಬದುಕು ಕಳೆಯಬೇಕು ಅಂತೇನಿದೆ, ಹೋಗಲಿ ಎಂದುಕೊಂಡೆ. ನಿನ್ನ ಪೆಟ್ಟಿಗೆಗೆ ಹೊಸ ಟವೆಲ್ಲು ಮಡಿಸಿಟ್ಟವಳು ನಾನು. ನೀನು ಬಾಗಿಲಲ್ಲಿ ನಿಂತು ನನ್ನನ್ನು ತಬ್ಬಿಕೊಂಡೆ. ಆ ತಬ್ಬಿಕೊಂಡದ್ದು ನೆನಪಾದಾಗ ಮೈಯೆಲ್ಲ ಉರಿಯುತ್ತದೆ.

ಮೊದಲ ವಾರವೇ ಬ್ಯಾಂಕಿನವಳು ಬಂದು, ಮಗುವನ್ನು ಅಜ್ಜಿ ಮನೆಗೆ ಕಳಿಸುತ್ತೇವೆ ಎಂದಳು. ಮರುದಿನ ಔಷಧಿ ಅಂಗಡಿಯವರು. ಪ್ರಶ್ನೆಪತ್ರಿಕೆಯ ಅಪ್ಪ ಪಾಪ, ಸುಳ್ಳು ಹೇಳಲು ಬಾರದ ಮನುಷ್ಯ. ತಲೆ ಕೆರೆದುಕೊಳ್ಳುತ್ತಾ ‘ಸಣ್ಣಕ್ಕನ ಕಡೆಗೆ ಹಾಕ್ತಿದೀವಿ, ನಮಗೆ ಏಳೂವರೆವರೆಗೂ ಆಗುತ್ತಲ್ಲ’ ಎಂದ. ಯಾವ ಸಣ್ಣಕ್ಕ ಎಂದು ಕೇಳಿದೆ. ಬೆಪ್ಪಳ ಹಾಗೆ ಕೇಳಿದೆ. ಅವನು ಜೇಬಿನಿಂದ ಕರಪತ್ರ ತೆಗೆದುಕೊಟ್ಟ. ‘ಸಣ್ಣಕ್ಕನ ಅಂಗಳ. ಸಂಜೆ ಏಳೂವರೆವರೆಗೆ. ಪ್ರತಿ ತಿಂಗಳು ರಸೀದಿ. ಮಕ್ಕಳ ಅಳತೆಗೇ ಮಾಡಿದ ಬಚ್ಚಲು.’ ಎಲ್ಲಕ್ಕಿಂತ ಕೆಳಗೆ, ಬಣ್ಣದ ಅಕ್ಷರದಲ್ಲಿ, ‘ತಡವಾದರೆ ಇಲ್ಲಿ ಯಾರೂ ಗದರಿಸುವುದಿಲ್ಲ’. ನಾನು ಅದನ್ನು ಅಲ್ಲೇ ನಿಂತು ಎರಡು ಸಲ ಓದಿದೆ. ಹಾಗೆ ನಕ್ಕಿದ್ದೆವಲ್ಲ, ಆ ಸಾಲಿಗೇ. ಪ್ರಶ್ನೆಪತ್ರಿಕೆ ನನ್ನ ಸೆರಗು ಹಿಡಿದು ‘ದೊಡ್ಡಕ್ಕ, ಯಾಕೆ ಓದ್ತಾ ಇದೀಯ, ಯಾಕೆ ಮುಖ ಹಾಗೆ, ಅದರಲ್ಲೇನಿದೆ’ ಎಂದು ಒಂದೇ ಉಸಿರಿಗೆ ಮೂರು ಕೇಳಿದಳು. ಕರಪತ್ರ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಸೋಮವಾರ ನಾನು ನಿನ್ನ ಅಂಗಳಕ್ಕೆ ಬಂದಿದ್ದೆ. ಆ ಹುಡುಗಿ ಹೇಳಿರಬಹುದು, ಹೇಳದೆಯೂ ಇರಬಹುದು. ನೀನು ಎಲ್ಲೋ ಹೊರಗೆ ಹೋಗಿದ್ದೆ. ನಿನ್ನನ್ನು ಎದುರಿಗೆ ನಿಲ್ಲಿಸಿಕೊಂಡು ನಾಲ್ಕು ಮಾತು ಕೇಳಬೇಕೆಂದೇ ಹೊರಟವಳು, ಆ ಹುಡುಗಿ ‘ಬನ್ನಿ ಅಮ್ಮಾ, ಯಾರಿಗೆ ಸೀಟು?’ ಎಂದಾಗ ಮೊಮ್ಮಗನಿಗೆ ಎಂದುಬಿಟ್ಟೆ. ಮದುವೆಯೇ ಆಗದವಳಿಗೆ ಮೊಮ್ಮಗ. ಸುಳ್ಳು ಹೇಳುವುದು ಇಷ್ಟು ಸುಲಭ ಎಂದು ನನಗೆ ಗೊತ್ತಿರಲಿಲ್ಲ. ಅವಳು ಎಲ್ಲ ತೋರಿಸುತ್ತೇನೆ ಎಂದು ಮುಂದೆ ನಡೆದಳು. ಹತ್ತು ಹೆಜ್ಜೆಯಲ್ಲಿ ನಾನೇ ಅವಳಿಗಿಂತ ಮುಂದೆ ಇದ್ದೆ. ಆಟದ ಜಾಗ ದಾಟಿ ಎಡಕ್ಕೆ ಬಚ್ಚಲು, ಅದರಾಚೆ ಅಡುಗೆಮನೆ, ಗೋಡೆಯಲ್ಲಿ ಕಿಂಡಿ. ಬೇಸಿನ್ನಿನ ಮುಂದೆ ನಿಂತು ಕೈಯಲ್ಲಿ ಅಳೆದೆ. ಅಂಗುಲನ ಹೊಟ್ಟೆಯ ಎತ್ತರ, ಒಂದು ಕೂದಲೂ ಆಚೀಚೆ ಇಲ್ಲ. ‘ಮೊದ್ಲೇ ಬಂದಿದ್ರಾ ಅಮ್ಮಾ?’ ಎಂದಳು ಹುಡುಗಿ. ಹೌದು, ಒಂದು ಸಲ ಬಂದಿದ್ದೆ ಎಂದೆ.

ಚೆನ್ನಾಗಿದೆ. ಇದನ್ನು ಬರೆಯುವುದಕ್ಕೆ ಹಲ್ಲು ಕಚ್ಚಬೇಕಾಯಿತು, ಆದರೂ ಬರೆಯುತ್ತೇನೆ, ತುಂಬ ಚೆನ್ನಾಗಿದೆ. ನೆಲ ಬೆಚ್ಚಗಿದೆ, ಮೂಲೆಗಳೆಲ್ಲ ದುಂಡಗಿವೆ, ಬೆರಳು ಸಿಕ್ಕಿಕೊಳ್ಳದ ಹಾಗೆ ಬಾಗಿಲಿನ ಸಂದಿಗೆ ರಬ್ಬರು ಹಾಕಿಸಿದ್ದೀಯ. ಅದನ್ನು ನಾನು ಹೇಳಿರಲಿಲ್ಲ, ನೀನೇ ಯೋಚಿಸಿದ್ದು. ನನ್ನ ಕೈಗೆ ದುಡ್ಡಿದ್ದರೆ, ನನಗೆ ಧೈರ್ಯವಿದ್ದರೆ, ನಾನು ಕಟ್ಟುತ್ತಿದ್ದದ್ದು ಇದೇ. ಅಷ್ಟರಲ್ಲಿ ಪ್ರಶ್ನೆಪತ್ರಿಕೆ ಎಲ್ಲಿಂದಲೋ ಓಡಿ ಬಂದು ನನ್ನ ಕಾಲು ತಬ್ಬಿಕೊಂಡಳು. ‘ದೊಡ್ಡಕ್ಕ, ನೀನೂ ಇಲ್ಲೇ ಸೇರ್ಕೊಂಡ್ಯಾ?’ ಹುಡುಗಿ ನನ್ನ ಮುಖ ನೋಡಿದಳು, ನಾನು ಗೋಡೆ ನೋಡಿದೆ. ಮಗುವಿನ ಕೆನ್ನೆ ಸವರಿ, ಬರುತ್ತೇನೆ ಎಂದು ಹೊರಟುಬಿಟ್ಟೆ. ಎರಡು ಬೀದಿ ನಡೆದು ಮನೆ ಸೇರುವಷ್ಟರಲ್ಲಿ ಸೆರಗೆಲ್ಲ ಒದ್ದೆಯಾಗಿತ್ತು.

ನಿನ್ನ ಕಡೆಯದನ್ನೂ ಯೋಚಿಸಿದ್ದೇನೆ, ಇಲ್ಲ ಎನ್ನಬೇಡ. ಬೋರ್ಡಿನ ಮೇಲೆ ನಾನು ನಿನ್ನ ಹೆಸರು ಹಾಕಿಸಲಿಲ್ಲ. ಏಳರವರೆಗೆ ತೆರೆದಿಡೋಣ ಎಂದು ನೀನು ಕೋರ್ಸಿಗಿಂತ ಮುಂಚೆಯೇ ಹೇಳಿದ್ದೆ, ರಸೀದಿ ಪುಸ್ತಕ ನೀನೇ ಅಚ್ಚು ಹಾಕಿಸಿ ತಂದಿದ್ದೆ. ‘ಸುಮ್ನಿರೆ, ನಂಗೊತ್ತು’ ಎಂದು ಅದನ್ನು ಮಕ್ಕಳಿಗೆ ಗೀಚಲು ಕೊಟ್ಟವಳು ನಾನು. ಮೂವತ್ತೆಂಟು ವರ್ಷದವಳನ್ನು ಎಲ್ಲರ ಮುಂದೆ ಪುಟ್ಟೀ ಎಂದು ಕರೆದೆ. ನಿನಗೆ ನಿನ್ನದೇ ಆದ ಬಾಗಿಲು ಬೇಕಿತ್ತು, ಅದು ತಪ್ಪಲ್ಲ. ನನ್ನ ಎದುರಿಗೇ ನಿಂತು ‘ಅಕ್ಕಾ, ನಾನು ಬೇರೆ ಮಾಡ್ತೀನಿ’ ಎಂದಿದ್ದರೆ ಒಂದು ವಾರ ಮಾತು ಬಿಡುತ್ತಿದ್ದೆ, ಎರಡನೇ ವಾರ ಪೊರಕೆ ಹಿಡಿದುಕೊಂಡು ಬಂದು ನಿನ್ನ ಹೊಸ ನೆಲ ಗುಡಿಸುತ್ತಿದ್ದೆ. ನೀನು ಅದನ್ನೂ ಬಲ್ಲೆ. ಬಲ್ಲವಳು ಯಾಕೆ ಕದ್ದೆ?

ಮಕ್ಕಳು ಹೋದದ್ದಕ್ಕೆ ನಾನು ನಿನ್ನನ್ನು ಕೇಳುವುದಿಲ್ಲ. ಅಪ್ಪ ಅಮ್ಮಂದಿರು ತಮಗೆ ಅನುಕೂಲವಾದ ಕಡೆ ಹೋಗುತ್ತಾರೆ, ಅವರು ಗ್ರಾಹಕರು, ನಿನ್ನ ಮೇಷ್ಟ್ರು ಹೇಳಿದ್ದು ಸರಿ. ಈ ಮನೆ ಬಿಡಬೇಕಾದರೆ ಬಿಡುತ್ತೇನೆ. ನನಗೆ ಬೇಕಾದದ್ದು ಒಂದೇ ಒಂದು ಉತ್ತರ. ಅದು ಯಾವ ಸಂಜೆಯಿಂದ ಹೋಂವರ್ಕ್ ಆಗಿರಲಿಲ್ಲ? ಗ್ರಾಹಕರು ಯಾರು ಎಂದು ನಕ್ಕ ದಿನ ನೀನು ನನ್ನ ಜೊತೆ ಇದ್ದೆಯಾ? ಅಂಗುಲನನ್ನು ಗೋಡೆಗೆ ನಿಲ್ಲಿಸಿದಾಗ ಕಟ್ಟಡ ನೋಡಿ ಆಗಿತ್ತಾ? ಎದುರಾಳಿ ಎಂದಾಗ ನಿನ್ನ ಮುಖ ಸುಮ್ಮನಾಯಿತಲ್ಲ, ಆಗಲೇ ಮನಸ್ಸಿನಲ್ಲಿ ಬಂತಾ, ಅಥವಾ ಮೊದಲೇ ಇದ್ದು, ಸಿಕ್ಕಿಬಿದ್ದೆ ಎಂದು ಹೆದರಿದೆಯಾ? ಆ ಆರು ವಾರ ನನ್ನ ಬದುಕಿನಲ್ಲಿ ನಾನು ಅತ್ಯಂತ ಸಂತೋಷವಾಗಿದ್ದ ಆರು ವಾರ. ಮಕ್ಕಳು ಹೋದ ಮೇಲೆ ಯಾವಾಗ ಕುರ್ಚಿ ಎಳೆದುಕೊಂಡು ಕೂರುತ್ತೇವೆ ಎಂದು ದಿನವಿಡೀ ಕಾಯುತ್ತಿದ್ದೆ. ಅದರಲ್ಲಿ ಎಷ್ಟು ಸಂಜೆ ನನ್ನವು ಎಂದು ತಿಳಿದರೆ, ಅಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತೇನೆ.

ಸೋಮವಾರ ನಿನ್ನ ಅಂಗಳದಲ್ಲಿ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಅದನ್ನು ನಾನು ನಿನಗೆ ಹೇಳುವುದಿಲ್ಲ. ತರಬೇತಿ ಪಡೆದವಳು ನೀನು, ಸರ್ಟಿಫಿಕೇಟ್ ಇರುವುದು ನಿನ್ನ ಹೆಸರಿನಲ್ಲಿ. ಇಷ್ಟು ದಿನ ನಾನು ಹೇಳಿಕೊಟ್ಟದ್ದು ಸಾಕು, ಇದೊಂದನ್ನು ನೀನೇ ಕಂಡುಕೊ. ಇಲ್ಲವಾದರೆ ತಪಾಸಣೆಗೆ ಬರುವವರು ಕಂಡುಕೊಳ್ಳಲಿ.

ಮಕ್ಕಳು ಬರುವ ಹೊತ್ತಾಯಿತು, ನಿಲ್ಲಿಸುತ್ತೇನೆ. ‘ನಾನು ಕೇಳಿದೆ ಅಂತ ಮಾತ್ರ ಬರೀಬೇಡಿ’ ಎಂದು ಆಯಾ ಹೇಳಿದ್ದಾಳೆ, ಹಾಗಾಗಿ ಬರೆದಿದ್ದೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಹರಸುವುದಕ್ಕೆ ಮನಸ್ಸು ಪೂರ್ತಿ ಒಪ್ಪುತ್ತಿಲ್ಲ. ಒಪ್ಪಿದಷ್ಟರ ಮಟ್ಟಿಗೆ ಚೆನ್ನಾಗಿರು.

ನಿನ್ನ ಅಕ್ಕ

ತಾ.ಕ.: ಈಗ ಹತ್ತು ಐವತ್ತು. ಲಕೋಟೆ ಅಂಟಿಸಿ ಆಗಿತ್ತು, ಹರಿದು ತೆಗೆದಿದ್ದೇನೆ. ಆಯಾ ಚಾಪೆ ಕೊಡವುತ್ತಾ, ‘ನಮ್ಮ ಪ್ರಶ್ನೆಪತ್ರಿಕೆ ಅಲ್ಲಿ ಯಾರ ಪಕ್ಕ ಮಲಗ್ತಾಳೋ’ ಎಂದಳು. ಸುಮ್ಮನೆ ಕೇಳಿದ್ದು. ಮೇಲೆ ಹೇಳುವುದಿಲ್ಲ ಎಂದದ್ದನ್ನು ಈಗ ಹೇಳುತ್ತೇನೆ. ನಿನ್ನ ಮಲಗುವ ಕೋಣೆಯ ಬಾಗಿಲಿಗೆ ಹೊರಗಿನಿಂದ, ಎತ್ತರದಲ್ಲಿ ಚಿಲಕವಿದೆ. ನಕ್ಷೆಯಲ್ಲಿ ಅದನ್ನು ಬರೆದವಳು ನಾನೇ. ಅವಳಿಗಳ ಅಣ್ಣ ನಿದ್ದೆಯಿಂದೆದ್ದು ಬೀದಿಗೆ ಹೋಗಿಬಿಟ್ಟ ಮೇಲೆ ಇಲ್ಲಿ ಹಾಕಿಸಿದ್ದೆವಲ್ಲ, ಅದೇ ನೆನಪಿನಲ್ಲಿ ಬರೆದೆ. ಆದರೆ ಇಲ್ಲಿ ಆ ಕೋಣೆಗೆ ಹಿಂದೆ ಇನ್ನೊಂದು ಬಾಗಿಲಿದೆ, ಅಲ್ಲಿ ಆಯಾ ಕೂತಿರುತ್ತಾಳೆ. ನಕ್ಷೆಯಲ್ಲಿ ಹಿಂದಿನ ಬಾಗಿಲು ಬರೆಯಲು ಮರೆತೆ, ನನ್ನ ತಲೆಯಲ್ಲಿ ಅದು ಇದ್ದೇ ಇತ್ತು. ನಿನ್ನ ಅಂಗಳದಲ್ಲಿ ಆ ಹಿಂದಿನ ಬಾಗಿಲು ಇಲ್ಲ. ಕಿಟಕಿಗೆ ಕಬ್ಬಿಣದ ಸರಳು, ಗೋಡೆಯ ಆಚೆ ಅಡುಗೆಮನೆಯ ಗ್ಯಾಸು. ಸೋಮವಾರ ನಾನಿದ್ದಾಗಲೇ ಆ ಹುಡುಗಿ, ಸಣ್ಣ ಮಕ್ಕಳು ಬೇಗ ಮಲಗಿವೆ ಎಂದು ಚಿಲಕ ಹಾಕಿ, ಫೋನ್ ಎತ್ತಲು ಮುಂದಿನ ಕೋಣೆಗೆ ಹೋದಳು. ನಾನು ನೋಡಿದೆ. ನೋಡಿ ನನಗೆ ಖುಷಿಯಾಯಿತು, ತಂಗಿ. ತಗಲಿಹಾಕಿಕೊಂಡಳು ಎಂದು ಖುಷಿಪಟ್ಟೆ. ಮೂರು ಮಧ್ಯಾಹ್ನ ಅಷ್ಟು ಮಕ್ಕಳು ಆ ಚಿಲಕದ ಹಿಂದೆ ಮಲಗಿವೆ, ಗೊತ್ತಿದ್ದೂ ನಾನು ಬಾಯಿ ಮುಚ್ಚಿಕೊಂಡಿದ್ದೇನೆ. ನೀನು ನನಗೆ ಮಾಡಿದ್ದನ್ನು ನಾನು ಅವಕ್ಕೆ ಮಾಡಿದೆ.

ಅಂಚೆಗೆ ಹಾಕಿದರೆ ಎರಡು ದಿನ. ಹನ್ನೆರಡೂವರೆಗೆ ನಿನ್ನ ಮಕ್ಕಳು ಮಲಗುತ್ತವೆ. ಹಾಗಾಗಿ ಪತ್ರ ನಾನೇ ತರುತ್ತಿದ್ದೇನೆ, ಸ್ಕ್ರೂಡ್ರೈವರ್ ಚೀಲದಲ್ಲಿದೆ. ಚಿಲಕ ತೆಗೆದ ಮೇಲೆ ಬಾಗಿಲಲ್ಲಿ ಯಾರಾದರೊಬ್ಬರು ಕೂತೇ ಇರಬೇಕು, ಆ ಹುಡುಗಿಗೆ ಹೇಳು. ಉತ್ತರ ಆಮೇಲೆ ಕೊಡುವೆಯಂತೆ, ಈಗ ಏನೂ ಮಾತಾಡಬೇಡ. ಚಿಲಕ ಎತ್ತರದಲ್ಲಿದೆ, ನಾನು ಹತ್ತಿ ತೆಗೆಯುತ್ತೇನೆ. ಸ್ಟೂಲು ಹಿಡಿದುಕೊ, ಸಾಕು.